ಸಾಸಿವೆ ಸಿಡಿದಂಥ ಸದ್ದು: ಮಿದುಳಿನ ಈ ಕೋಶಗಳು ಒಟ್ಟಿಗೆ ತಾಳ ಹಾಕಿದರೆ ಏನಾಗುತ್ತೆ?

(ಈ ವಾರದ ವಿಜ್ಞಾನ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಮಾತನ್ನು ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಾದ್ರೆ ಮೊದಲು ಒಂದು ಸದ್ದು ನೆನಪಿಸಿಕೊಳ್ಳಿ. ಒಗ್ಗರಣೆಗೆ ಎಣ್ಣೆ ಕಾದಿದೆ, ಸಾಸಿವೆ ಹಾಕಿದ್ದೀರಿ. ಚಟ್... ಚಟಚಟ... ಚಟ್. ಒಂದು ಕ್ಷಣ ಏನೂ ಇಲ್ಲ. ಮತ್ತೆ ಚಟಚಟಚಟ.

ಪಾರ್ಕಿನ್‌ಸನ್ ಕಾಯಿಲೆಗೆ ಮಾಡುವ ಒಂದು ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚುಕಡಿಮೆ ಇಂಥದ್ದೇ ಸದ್ದು ಸ್ಪೀಕರ್‌ನಿಂದ ಬರ್ತಾ ಇರುತ್ತೆ. ರೋಗಿ ಎಷ್ಟೋ ಸಲ ಎಚ್ಚರವಾಗಿಯೇ ಇರ್ತಾರೆ. ತಲೆಬುರುಡೆಯಲ್ಲಿ ಒಂದು ಸಣ್ಣ ರಂಧ್ರ, ಅದರ ಮೂಲಕ ಕೂದಲಿಗಿಂತ ತೆಳುವಾದ ತುದಿಯಿರುವ ಎಲೆಕ್ಟ್ರೋಡ್ ನಿಧಾನವಾಗಿ ಮಿದುಳಿನ ಆಳಕ್ಕೆ ಇಳಿಯುತ್ತೆ. ಒಂದೊಂದು ನರಕೋಶದ ವಿದ್ಯುತ್ ಮಿಡಿತ ಸ್ಪೀಕರ್‌ನಲ್ಲಿ ಒಂದೊಂದು 'ಚಟ್'. ವಿಜ್ಞಾನಿಗಳು ಇದಕ್ಕೆ ಸ್ಪೈಕ್ ಅಂತಾರೆ. ನಾವು ಸಿಡಿತ ಅನ್ನೋಣ.

ಇಲ್ಲಿ ಮಜಾ ಏನು ಅಂದ್ರೆ, ಎಲೆಕ್ಟ್ರೋಡ್ ಈಗ ಎಲ್ಲಿದೆ ಅನ್ನೋದನ್ನ ವೈದ್ಯರು ಸ್ಕ್ಯಾನ್ ನೋಡಿ ಮಾತ್ರ ಅಲ್ಲ, ಕಿವಿಯಿಂದಲೂ ಹೇಳ್ತಾರೆ. ಒಂದು ಜಾಗದಲ್ಲಿ ಹೆಚ್ಚುಕಡಿಮೆ ಮೌನ. ಇನ್ನೂ ಕೆಳಗಿಳಿದರೆ ರಭಸದ ಚಟಪಟ, ನಡುನಡುವೆ ಥಟ್ಟನೆ ವಿರಾಮ. ಆಮೇಲೆ ಒಂದು ತೆಳು ಗಡಿ, ಅಲ್ಲಿನ ಕೆಲವು ಕೋಶಗಳು ಗಡಿಯಾರದ ಮುಳ್ಳಿನ ಹಾಗೆ ಟಿಕ್ ಟಿಕ್. ಅದನ್ನು ದಾಟಿದರೆ ವಿರಾಮವೇ ಇಲ್ಲದ ಒತ್ತೊತ್ತಾದ ಸಿಡಿತ. ಅಂದ್ರೆ ಸಿಡಿತ ಎಷ್ಟು ಅನ್ನೋದಷ್ಟೇ ಅಲ್ಲ, ಅದರ ಏರುಪೇರು ಹೇಗಿದೆ ಅನ್ನೋದೂ ಒಂದು ವಿಳಾಸ.

ಇವತ್ತಿನ ವಿಷಯ ಈ ಏರುಪೇರು. ಇದನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ ನಮ್ಮ ದೊಡ್ಡಮ್ಮ. ಅವರಿಗೆ ಪಾರ್ಕಿನ್‌ಸನ್ ಇದೆ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡೀತು. ಮೊದಲು ಭುಜ ಹಿಡ್ಕೊಂಡಿದೆ ಅಂತ ಎಣ್ಣೆ ತಿಕ್ಕಿದ್ದಾಯ್ತು, ಆಮೇಲೆ ವಯಸ್ಸು ಅಂತ ಸುಮ್ಮನಾದ್ವಿ. ಕೊನೆಗೆ ಗೊತ್ತಾಗಿದ್ದು ರಂಗೋಲಿಯಿಂದ. ಬಾಗಿಲ ತುಂಬ ಹಾಕ್ತಿದ್ದವರ ರಂಗೋಲಿ ದಿನೇ ದಿನೇ ಚಿಕ್ಕದಾಗ್ತಾ ಬಂತು. ಕಾಯಿಲೆ ಬಂದವರ ಅಕ್ಷರ ಸಣ್ಣದಾಗುತ್ತೆ ಅಂತ ವೈದ್ಯರು ಹೇಳ್ತಾರಲ್ಲ, ಅದೇ ಕಥೆ, ಇಲ್ಲಿ ರಂಗೋಲಿ ಪುಡಿಯಲ್ಲಿ.

ಸರಿ, ಮಿದುಳಿಗೆ ಬರೋಣ. ಮಿದುಳಿನ ಮೇಲ್ಪದರದ ಕೆಳಗೆ, ಆಳದಲ್ಲಿ, ಕೋಶಗಳ ಕೆಲವು ಗುಂಪುಗಳಿವೆ. ಎಲ್ಲ ಸೇರಿ ಬೇಸಲ್ ಗ್ಯಾಂಗ್ಲಿಯಾ. ಇದರೊಳಗಿನ ಹೆಸರುಗಳು ಸ್ವಲ್ಪ ಉದ್ದ: ಸ್ಟ್ರಯೇಟಮ್, ಗ್ಲೋಬಸ್ ಪ್ಯಾಲಿಡಸ್ (ಇದಕ್ಕೆ ಹೊರಭಾಗ, ಒಳಭಾಗ ಅಂತ ಎರಡು), ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಸಬ್‌ಸ್ಟ್ಯಾನ್ಷಿಯಾ ನೈಗ್ರಾ. ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಮಾತು ಸಾಕು: ಕೈ ಎತ್ತಬೇಕು, ಹೆಜ್ಜೆ ಇಡಬೇಕು ಅನ್ನೋ ಆಲೋಚನೆಗಳಲ್ಲಿ ಯಾವುದಕ್ಕೆ ಈಗ ದಾರಿ ಬಿಡಬೇಕು ಅಂತ ನೋಡಿಕೊಳ್ಳೋದು ಇದರ ಮುಖ್ಯ ಕೆಲಸಗಳಲ್ಲೊಂದು.

ಹೇಗೆ ನೋಡಿಕೊಳ್ಳುತ್ತೆ? ಬ್ರೇಕ್ ಒತ್ತಿ ಹಿಡಿದು. ಪ್ಯಾಲಿಡಸ್‌ನ ಒಳಭಾಗದ ಕೋಶಗಳು ಮುಂದಿನ ನಿಲ್ದಾಣವಾದ ಥಲಾಮಸ್‌ಗೆ 'ಬೇಡ, ಬೇಡ, ಬೇಡ' ಅಂತ ಸದಾ ಹೇಳ್ತಾ ಇರ್ತವೆ. ಎಚ್ಚರವಾಗಿರುವ ಕೋತಿಗಳಲ್ಲಿ ಅಳೆದಾಗ ಇವು ಸೆಕೆಂಡಿಗೆ ಸುಮಾರು 60ರಿಂದ 80 ಸಲ ಸಿಡಿಯುತ್ತವೆ. ಕೋತಿ ಏನೂ ಮಾಡದೆ ಕೂತಿದ್ದರೂ ಅಷ್ಟೇ. ಲೋಟ ಎತ್ತಬೇಕಾದಾಗ ಸ್ಟ್ರಯೇಟಮ್‌ನ ಕೆಲವು ಕೋಶಗಳು ಈ ಬ್ರೇಕಿನ ಕೋಶಗಳನ್ನ ಅರೆಕ್ಷಣ ಸುಮ್ಮನಾಗಿಸ್ತವೆ, ದಾರಿ ತೆರೆಯುತ್ತೆ. ಸ್ಟ್ರಯೇಟಮ್‌ನ ಬಹುಪಾಲು ಕೋಶಗಳು ಮಾತ್ರ ತದ್ವಿರುದ್ಧ ಸ್ವಭಾವದವು. ಹೆಚ್ಚಿನ ಹೊತ್ತು ಬಾಯೇ ಬಿಡಲ್ಲ, ಮೇಲಿನಿಂದ ಜೋರಾದ ಕರೆ ಬಂದಾಗಷ್ಟೇ ಮಾತಾಡ್ತವೆ. ಶಸ್ತ್ರಚಿಕಿತ್ಸೆಯ ಸ್ಪೀಕರ್‌ನಲ್ಲಿ ಮೊದಲು ಕೇಳಿದ ಮೌನ ಇವರದ್ದು.

ಸುಮ್ಮನೆ ಕೂತಾಗಲೂ ಸೆಕೆಂಡಿಗೆ 60 ಸಲ ಸಿಡಿಯೋದು ದಂಡ ಖರ್ಚಲ್ವಾ ಅಂತ ಅನ್ನಿಸಬಹುದು. ಆದರೆ ಯೋಚಿಸಿ: ಮೊದಲೇ ಮೌನವಾಗಿರುವ ಕೋಶ ಇನ್ನೂ ಮೌನವಾಗೋಕೆ ಆಗಲ್ಲ. ಸೊನ್ನೆಯಿಂದ ಕೆಳಕ್ಕೆ ಇಳಿಯೋ ಮೆಟ್ಟಿಲು ಇಲ್ಲ. ಸದಾ ಮಾತಾಡೋನು ಥಟ್ಟನೆ ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡ್ತಾರೆ. ಇಲ್ಲಿ ನಿಲ್ಲಿಸೋದೇ ಸಂದೇಶ.

ಈ ಕೋಶಗಳನ್ನ ಸಿಡಿಸೋರು ಯಾರು? ಯಾರೂ ಇಲ್ಲ, ತಾವೇ. ಪ್ರಯೋಗಾಲಯದಲ್ಲಿ ಇಲಿಯ ಮಿದುಳಿನ ತೆಳು ಹೋಳೊಂದನ್ನ ಪೋಷಕ ದ್ರಾವಣದಲ್ಲಿಟ್ಟು, ಹೊರಗಿನಿಂದ ಬರುವ ಸಂದೇಶಗಳನ್ನೆಲ್ಲ ಔಷಧದಿಂದ ತಡೆದರೂ ಸಬ್‌ಥಲಾಮಿಕ್ ಕೋಶ ತನ್ನಷ್ಟಕ್ಕೆ ಮಿಡೀತಾನೇ ಇರುತ್ತೆ. ಮಾರ್ಕ್ ಬೆವನ್ ಮತ್ತು ಚಾರ್ಲ್ಸ್ ವಿಲ್ಸನ್ 1999ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಕೋಶದ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳಲ್ಲಿ ಕೆಲವು ಪೂರ್ತಿ ಮುಚ್ಚಲ್ಲ. ಒಳಗೆ ಸ್ವಲ್ಪ ಸ್ವಲ್ಪ ಸೋರುತ್ತೆ, ವೋಲ್ಟೇಜ್ ಏರುತ್ತೆ, ಒಂದು ಮಟ್ಟ ಮುಟ್ಟಿದ ಕೂಡಲೇ ಸಿಡಿತ. ಮತ್ತೆ ಮೊದಲಿನಿಂದ ಸೋರಿಕೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಇಟ್ಟ ಸಣ್ಣ ಲೋಟ ತುಂಬಿ ಮಗುಚಿ, ಮತ್ತೆ ತುಂಬೋ ಹಾಗೆ. ಹೃದಯದ ಪೇಸ್‌ಮೇಕರ್ ಕೋಶಗಳೂ ಹೀಗೆ ತಾವಾಗಿಯೇ ಮಿಡೀತವೆ. ಬೇಸಲ್ ಗ್ಯಾಂಗ್ಲಿಯಾದಲ್ಲಿ ಪ್ಯಾಲಿಡಸ್, ನೈಗ್ರಾ, ಡೋಪಮಿನ್ ಕೋಶಗಳು ಎಲ್ಲವೂ ಈ ಜಾತಿಯವೇ, ವೇಗ ಮಾತ್ರ ಬೇರೆ ಬೇರೆ. ಡೋಪಮಿನ್ ಕೋಶಗಳು ನಿಧಾನ, ಸೆಕೆಂಡಿಗೆ ಕೆಲವೇ ಸಲ.

ಈಗ ನಿಜವಾದ ಪ್ರಶ್ನೆ. ಹೋಳಿನಲ್ಲಿ ಒಂಟಿಯಾಗಿದ್ದಾಗ ಈ ಕೋಶಗಳು ಗಡಿಯಾರದ ಹಾಗೆ ಸಮವಾಗಿ ಮಿಡೀತವೆ. ಆದರೆ ಜೀವಂತ ಪ್ರಾಣಿಯಲ್ಲಿ ಅದೇ ಕೋಶಗಳು ಸಾಸಿವೆ. ಲೆಕ್ಕ ತಪ್ಪಿದ ಹಾಗೆ.

'ಲೆಕ್ಕ ತಪ್ಪುವುದನ್ನ' ಅಳೆಯೋದು ಹೇಗೆ? ಬಸ್ ಸ್ಟಾಪ್‌ಗೆ ಬನ್ನಿ. ಒಂದು ಮಾರ್ಗದ ಬಸ್ 10 ನಿಮಿಷಕ್ಕೊಂದು, ಕರಾರುವಾಕ್ಕು. ಇನ್ನೊಂದು ಮಾರ್ಗದ್ದು 2 ನಿಮಿಷಕ್ಕೆ ಬರುತ್ತೆ, ಅದರ ಹಿಂದೆಯೇ 1 ನಿಮಿಷಕ್ಕೆ ಮತ್ತೊಂದು, ಆಮೇಲೆ 25 ನಿಮಿಷ ಪತ್ತೆಯಿಲ್ಲ, ಆಮೇಲೆ 12. ಎರಡರ ಸರಾಸರಿಯೂ 10 ನಿಮಿಷವೇ! ಕಾಗದದ ಮೇಲೆ ಎರಡೂ ಒಂದೇ. ಬಿಸಿಲಲ್ಲಿ ನಿಂತವರಿಗೆ ಮಾತ್ರ ವ್ಯತ್ಯಾಸ ಗೊತ್ತು. ಸಂಖ್ಯಾಶಾಸ್ತ್ರದವರು ಏರಿಳಿತವನ್ನ ಸರಾಸರಿಯಿಂದ ಭಾಗಿಸಿ ಒಂದು ಅಂಕಿ ಕೊಡ್ತಾರೆ. ಮೊದಲ ಬಸ್‌ಗೆ ಅದು 0. ಎರಡನೆಯದಕ್ಕೆ ಸುಮಾರು 0.97. ಪೂರ್ತಿ ಕಾಕತಾಳೀಯವಾಗಿ ಬರುವ ಘಟನೆಗಳಿಗೆ ಈ ಅಂಕಿ 1. ನರವಿಜ್ಞಾನಿಗಳು ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹಿಡಿದು ಇದೇ ಲೆಕ್ಕ ಮಾಡ್ತಾರೆ.

1971ರಲ್ಲಿ ಮಹ್ಲಾನ್ ಡಿಲಾಂಗ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳ ಪ್ಯಾಲಿಡಸ್‌ನಲ್ಲಿ ಹೀಗೆ ಒಂದೊಂದೇ ಕೋಶ ಕೇಳಿ ಬರೆದಿಟ್ಟರು. ಹೊರಭಾಗದ ಹೆಚ್ಚಿನ ಕೋಶಗಳು ಭರದಿಂದ ಸಿಡಿದು ಸಿಡಿದು, ಮಧ್ಯೆ ಅರ್ಧ ಸೆಕೆಂಡಿನ ಆಸುಪಾಸು ಪೂರ್ತಿ ಸುಮ್ಮನಾಗುತ್ತವೆ. ನರಕೋಶಕ್ಕೆ ಅರ್ಧ ಸೆಕೆಂಡ್ ಅಂದ್ರೆ ಬಹಳ ದೊಡ್ಡ ಹೊತ್ತು. ಒಳಭಾಗದಲ್ಲಿ ಈ ವಿರಾಮಗಳಿಲ್ಲ. ಶಸ್ತ್ರಚಿಕಿತ್ಸಕರು ಇವತ್ತಿಗೂ ಕಿವಿಗೊಟ್ಟು ಹುಡುಕೋದು ಆಗ ಗುರುತಿಸಿದ ಈ ವ್ಯತ್ಯಾಸವನ್ನೇ.

ಏರುಪೇರು ಬರೋದು ಎಲ್ಲಿಂದ? ಒಂದು ಕಾರಣ ಸುಲಭ. ಮಿದುಳಿನೊಳಗೆ ಪ್ರತಿ ಕೋಶದ ಮೇಲೂ ಅಸಂಖ್ಯ ಸಂಪರ್ಕಗಳು. ಕೆಲವು ಮುಂದಕ್ಕೆ ತಳ್ಳೋವು, ಕೆಲವು ಹಿಂದಕ್ಕೆ ಎಳೆಯೋವು. ಮನೇಲಿ ಒಬ್ಬರೇ ಇದ್ದಾಗ ಟೈಮಿಗೆ ಸರಿಯಾಗಿ ಕಾಫಿ, ತಿಂಡಿ, ಊಟ. ಮದುವೆಮನೆಯಲ್ಲಿ? ನಾನು ಮಧ್ಯಾಹ್ನ 3ಕ್ಕೆ ತಿಂಡಿ ತಿಂದಿದ್ದೂ ಇದೆ.

ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮ, ನನಗೆ ತುಂಬಾ ಹಿಡಿಸಿದ್ದು. ಪಕ್ಕಪಕ್ಕದ ಎರಡು ಉಯ್ಯಾಲೆ, ಒಂದು ಸ್ವಲ್ಪ ವೇಗ, ಇನ್ನೊಂದು ನಿಧಾನ. ಎರಡನ್ನೂ ಒಂದೇ ಕ್ಷಣದಲ್ಲಿ ಒಂದೇ ಬಲದಿಂದ ತಳ್ಳಿ. ಆ ಕ್ಷಣ ಮುಂದೆ ಹೋಗ್ತಿದ್ದ ಉಯ್ಯಾಲೆ ಜೋರಾಗುತ್ತೆ, ಹಿಂದೆ ಬರ್ತಿದ್ದದ್ದು ತಡವರಿಸುತ್ತೆ. ಒಂದೇ ತಳ್ಳಾಟ, ಎರಡು ಪರಿಣಾಮ. ಸ್ವಂತ ಮಿಡಿತ ಇರುವ ಕೋಶಗಳೂ ಹಾಗೇ. ಒಂದೇ ಸಂದೇಶ ಇಬ್ಬರಿಗೂ ಬಂದರೂ, ಅವರವರ ಗಡಿಯಾರ ಬೇರೆ ಇರೋದ್ರಿಂದ ಅವರು ಒಟ್ಟಿಗೆ ಸಿಡಿಯಲ್ಲ. ಬೇಸಲ್ ಗ್ಯಾಂಗ್ಲಿಯಾದ ಕೋಶಗಳು ಹೀಗೆ ಒಂದರಿಂದ ಒಂದು ಸಕ್ರಿಯವಾಗಿ ಬೇರೆಯಾಗಿ ಉಳೀತವೆ ಅಂತ ಅದೇ ಚಾರ್ಲ್ಸ್ ವಿಲ್ಸನ್ 2013ರಲ್ಲಿ ವಾದ ಮಂಡಿಸಿದರು. ಅಂದ್ರೆ ಇವು ತಾವಾಗಿಯೇ ಮಿಡಿಯೋದರ ಒಂದು ಪ್ರಯೋಜನವೇ, ಹಿಂಡಿನೊಳಗಿದ್ದೂ ಹಿಂಡಾಗದೆ ಇರೋದು.

ಹಿಂಡಾದರೆ ಏನು ತೊಂದರೆ? ಜಾತ್ರೆಗೆ ಹೋಗಿದ್ದೀರಲ್ಲ. ದೂರದಿಂದ ಕೇಳಿದರೆ ಸಾವಿರಾರು ಜನರ ಮಾತು ಒಂದೇ ಸಮನೆ ಗುಂಯ್‌ಗುಡುತ್ತೆ. ಒಬ್ಬೊಬ್ಬರ ಧ್ವನಿ ಏರಿದ್ದೂ ಇಳಿದಿದ್ದೂ ಗೊತ್ತಾಗಲ್ಲ, ಒಂದು ಇನ್ನೊಂದನ್ನ ನುಂಗಿ ಹಾಕುತ್ತೆ. ಲೆಕ್ಕ ಹೇಳೋದಾದ್ರೆ, 10,000 ಸ್ವತಂತ್ರ ಧ್ವನಿಗಳ ಸರಾಸರಿಯ ಕುಲುಕಾಟ ಒಂದು ಧ್ವನಿಯದರ ನೂರರಲ್ಲಿ ಒಂದು ಪಾಲು. ಅಷ್ಟರಲ್ಲಿ ಡೊಳ್ಳಿನ ತಂಡ ಬಂತು ಅಂದ್ಕೊಳ್ಳಿ. 20 ಜನ ಅಷ್ಟೇ. ಆದರೆ ಒಟ್ಟಿಗೆ ಬಡೀತಾರೆ. ಎದೆ ನಡುಗುತ್ತೆ!

ಬ್ರೇಕಿನ ಕೋಶಗಳೂ ಹೀಗೆ. ಪ್ರತಿಯೊಂದೂ ಮನಬಂದಂತೆ ಸಿಡಿದರೂ ಒಟ್ಟು ಸೇರಿದಾಗ ಥಲಾಮಸ್‌ಗೆ ತಲಪೋದು ನಯವಾದ, ಸಮನಾದ ಒತ್ತಡ. ಅವೇ ಕೋಶಗಳು ಡೊಳ್ಳಿನವರಾದರೆ?

1982ರ ಕ್ಯಾಲಿಫೋರ್ನಿಯಾ. ಕೆಲವು ಯುವಕ-ಯುವತಿಯರು ಆಸ್ಪತ್ರೆಗೆ ಬಂದರು, ಬೊಂಬೆಗಳ ಹಾಗೆ ಮರಗಟ್ಟಿ. ಮಾತಿಲ್ಲ, ಚಲನೆಯಿಲ್ಲ. ಮುದುಕರಲ್ಲಿ ವರ್ಷಗಟ್ಟಲೆ ತೆಗೆದುಕೊಂಡು ಬರುವ ಸ್ಥಿತಿ, ಇವರಿಗೆ ಕೆಲವೇ ದಿನಗಳಲ್ಲಿ. ಕಳ್ಳತನದಲ್ಲಿ ತಯಾರಿಸಿದ ಕೃತಕ ಹೆರಾಯಿನ್ ಚುಚ್ಚಿಕೊಂಡಿದ್ದರು, ಅದರಲ್ಲಿ ಎಂಪಿಟಿಪಿ ಅನ್ನೋ ಕಲ್ಮಶ ಇತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ವೈದ್ಯರ ತಂಡ ಇದನ್ನು ಪತ್ತೆ ಹಚ್ಚಿತು. ಅದು ಸಬ್‌ಸ್ಟ್ಯಾನ್ಷಿಯಾ ನೈಗ್ರಾದ ಡೋಪಮಿನ್ ಕೋಶಗಳನ್ನೇ ಹುಡುಕಿ ಕೊಲ್ಲುತ್ತೆ. ಪಾರ್ಕಿನ್‌ಸನ್‌ನಲ್ಲಿ ಸಾಯೋದೂ ಅವೇ ಕೋಶಗಳು. ಆ ಜೀವಗಳ ದುರಂತದಿಂದ ವಿಜ್ಞಾನಕ್ಕೆ ಒಂದು ದಾರಿ ಸಿಕ್ಕಿತು: ಕೋತಿಗಳಲ್ಲಿ ಕಾಯಿಲೆಯ ಮಾದರಿ ಮಾಡಿ, ಕಾಯಿಲೆಗೆ ಮೊದಲು ಮತ್ತು ಆಮೇಲೆ ಕೋಶಗಳ ಸದ್ದು ಕೇಳೋದು.

ಆಗಿನ ವಿವರಣೆ ಸರಳವಾಗಿತ್ತು. ಡೋಪಮಿನ್ ಕಡಿಮೆಯಾದರೆ ಬ್ರೇಕಿನ ಕೋಶಗಳು ಜಾಸ್ತಿ ಸಿಡಿಯುತ್ತವೆ, ಬ್ರೇಕ್ ಬಿಗಿಯಾಗುತ್ತೆ, ದೇಹ ನಿಧಾನವಾಗುತ್ತೆ. ಎಷ್ಟು ಸಿಡಿತ ಅನ್ನೋದಷ್ಟೇ ಲೆಕ್ಕ. ಇದರಿಂದ ಉಪಯೋಗವೂ ಆಯ್ತು: 1990ರಲ್ಲಿ ಹಾಗಾಯ್ ಬರ್ಗ್‌ಮನ್, ಥಾಮಸ್ ವಿಚ್‌ಮನ್ ಮತ್ತು ಡಿಲಾಂಗ್ ಕೋತಿಗಳ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ನಾಶ ಮಾಡಿ ಕಾಯಿಲೆಯ ಲಕ್ಷಣ ಹಿಮ್ಮೆಟ್ಟಿಸಿದರು. ಆದರೆ ಈ ಲೆಕ್ಕದಲ್ಲಿ ಒಂದು ತೂತು. ಬ್ರೇಕನ್ನೇ ಕಿತ್ತರೆ ಗಾಡಿ ಹತೋಟಿ ತಪ್ಪಿ ಓಡಬೇಕಲ್ವಾ? ರೋಗಿಗಳಲ್ಲಿ ಪ್ಯಾಲಿಡಸ್‌ನ ಒಳಭಾಗ ಸುಟ್ಟಾಗ ಹಾಗಾಗಲ್ಲ. ಬದಲಿಗೆ ಔಷಧದಿಂದ ಬಂದಿದ್ದ ಅತಿ ಚಲನೆಯೇ ತಗ್ಗುತ್ತೆ. ಸರಾಸರಿಯ ಕಥೆ ಇಲ್ಲಿ ಕೈಕೊಟ್ಟಿತು.

ಉತ್ತರದ ದೊಡ್ಡ ತುಣುಕು 1995ರಲ್ಲಿ ಜೆರುಸಲೇಮಿನಿಂದ ಬಂತು. ಬರ್ಗ್‌ಮನ್ ತಂಡ ಒಂದೇ ಸಲಕ್ಕೆ ಹಲವು ಪ್ಯಾಲಿಡಸ್ ಕೋಶಗಳನ್ನ ಕೇಳಿತು. ಆರೋಗ್ಯವಾಗಿದ್ದ ಕೋತಿಗಳಲ್ಲಿ ಅಕ್ಕಪಕ್ಕದ ಕೋಶಗಳಿಗೂ ಪರಸ್ಪರ ಸಂಬಂಧವೇ ಇಲ್ಲವೆನ್ನಬಹುದು, ಒಂದರ ಸಿಡಿತ ಗೊತ್ತಿದ್ದರೆ ಇನ್ನೊಂದರದ್ದು ಊಹಿಸೋಕೆ ಆಗಲ್ಲ. ಎಂಪಿಟಿಪಿ ಕೊಟ್ಟ ಮೇಲೆ ಅನೇಕ ಜೋಡಿಗಳು ಒಟ್ಟಿಗೆ, ಲಯದಲ್ಲಿ ಮಿಡಿಯತೊಡಗಿದವು. ಆಮೇಲೆ ಲಂಡನ್ನಿನಲ್ಲಿ ಪೀಟರ್ ಬ್ರೌನ್ ಮತ್ತಿತರರು ರೋಗಿಗಳ ಮಿದುಳಲ್ಲೇ ಇದನ್ನು ಅಳೆದರು: ಸೆಕೆಂಡಿಗೆ 13ರಿಂದ 30 ಸಲದ ಒಂದು ಲಯ, ಬೀಟಾ ಅಂತಾರೆ, ಅದು ಉಬ್ಬಿ ನಿಂತಿರುತ್ತೆ. ಲೆವೊಡೋಪಾ ಮಾತ್ರೆ ಕೆಲಸ ಶುರು ಮಾಡಿದಾಗ ತಗ್ಗುತ್ತೆ.

ಗಮನಿಸಿ, ಏರುಪೇರು ಒಳ್ಳೇದು, ಕ್ರಮ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಾಯಿಲೆಯಲ್ಲಿ ಒಂದೊಂದು ಕೋಶ ಮೊದಲಿಗಿಂತ ಜಾಸ್ತಿಯೇ ಗೊಂಚಲು ಗೊಂಚಲಾಗಿ ಸಿಡಿಯಬಹುದು, ಅಂದ್ರೆ ಅದರ ಏರುಪೇರು ಹೆಚ್ಚಿರಬಹುದು. ತೊಂದರೆ ಇರೋದು ಆ ಗೊಂಚಲನ್ನ ಅಕ್ಕಪಕ್ಕದವರೆಲ್ಲ ಹಂಚಿಕೊಂಡಾಗ.

ಏರುಪೇರಿಗೇ ಒಂದು ಕೆಲಸ ಇದೆ ಅಂತ ಚೆನ್ನಾಗಿ ತೋರಿಸಿದ್ದು ಹಕ್ಕಿಗಳು. ಝೀಬ್ರಾ ಫಿಂಚ್ ನೋಡಿರ್ತೀರಿ, ಪಂಜರದಲ್ಲಿ ಮಾರುವ ಕೆಂಪು ಕೊಕ್ಕಿನ ಪುಟ್ಟ ಹಕ್ಕಿ. ಸಂಶೋಧಕರ ಇನ್ನೊಂದು ಮೆಚ್ಚಿನ ಹಕ್ಕಿ ಬೆಂಗಾಲೀಸ್ ಫಿಂಚ್. ಅದರ ಕಾಡು ಮೂಲ ಬಿಳಿ ಬೆನ್ನಿನ ಮುನಿಯ, ನಮ್ಮ ಮಲೆನಾಡಿನ ಗದ್ದೆ ಬದುಗಳಲ್ಲೂ ಇದೆ. ಮರಿ ಗಂಡು ಫಿಂಚ್ ಮಗುವಿನ ಹಾಗೆ ತೊದಲಿ ತೊದಲಿ, ಪ್ರತಿಸಲ ಬೇರೆ ಬೇರೆ ಥರ ಹಾಡಿ, ಅಪ್ಪನ ಹಾಡನ್ನ ಕಲಿಯುತ್ತೆ. 2005ರಲ್ಲಿ ಎಂಐಟಿಯ ಸಂಶೋಧಕರು ಮರಿಯ ಬೇಸಲ್ ಗ್ಯಾಂಗ್ಲಿಯಾ ಜಾಲದ ಹೊರಬಾಗಿಲಿನಂಥ ಒಂದು ಭಾಗವನ್ನ ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದರು. ಮರಿ ಹಾಡೋದು ನಿಲ್ಲಿಸಲಿಲ್ಲ. ತೊದಲೋದು ನಿಂತಿತು! ಅರೆಬೆಂದ ಹಾಡನ್ನೇ ಪದೇ ಪದೇ ಒಂದೇ ಥರ ಹಾಡತೊಡಗಿತು. ಅಂದ್ರೆ ಆ ತಪ್ಪುಗಳನ್ನ ಮಿದುಳು ಬೇಕೆಂದೇ ಹುಟ್ಟಿಸ್ತಾ ಇತ್ತು, ಬೇರೆ ಬೇರೆ ಥರ ಮಾಡಿ ನೋಡಿದರೆ ತಾನೇ ಸರಿಯಾದದ್ದು ಸಿಗೋದು. ದೊಡ್ಡ ಗಂಡು ಹಕ್ಕಿಯಲ್ಲೂ ಇದರ ಛಾಯೆ ಇದೆ: ಒಬ್ಬನೇ ಇದ್ದಾಗ ಹಾಡು ಸ್ವಲ್ಪ ಅತ್ತಿತ್ತ, ಹೆಣ್ಣಿನ ಮುಂದೆ ಮಾತ್ರ ಅಚ್ಚುಕಟ್ಟು.

ಮತ್ತೆ ಶಸ್ತ್ರಚಿಕಿತ್ಸೆಗೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ-ಲೂಯಿ ಬೆನಬಿದ್, ಮಿದುಳಿನ ಭಾಗ ಸುಡುವ ಬದಲು ಅಲ್ಲಿಗೆ ವೇಗದ ವಿದ್ಯುತ್ ಮಿಡಿತ ಕೊಟ್ಟರೂ ನಡುಕ ನಿಲ್ಲುತ್ತೆ ಅಂತ ಕಂಡುಕೊಂಡರು. ಅದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಡಿಬಿಎಸ್. ಅವರಿಗೂ ಡಿಲಾಂಗ್‌ಗೂ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಮಾಮೂಲಿ ವೇಗ ಸೆಕೆಂಡಿಗೆ 130ರ ಆಸುಪಾಸು. ಎದೆಯ ಚರ್ಮದಡಿ ಬ್ಯಾಟರಿ, ಅಲ್ಲಿಂದ ಕುತ್ತಿಗೆಯೊಳಗಿಂದ ತಂತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದನ್ನು ಮಾಡ್ತಾರೆ.

ವಿಚಿತ್ರ ನೋಡಿ. ಲಯ ಹೆಚ್ಚಾಗಿದ್ದೇ ಕಾಯಿಲೆ ಅಂದ್ವಿ, ಮದ್ದು ಇನ್ನೊಂದು ಲಯ. 2010ರ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಬೆರಳು ತಟ್ಟೋಕೆ ಹೇಳಿ, ಮಿಡಿತಗಳ ಸರಾಸರಿ ವೇಗ ಅಷ್ಟೇ ಇಟ್ಟು ಅಂತರವನ್ನ ಮಾತ್ರ ಏರುಪೇರು ಮಾಡಿದರು. ಸಮ ಅಂತರದ ಮಿಡಿತದಷ್ಟು ಪ್ರಯೋಜನ ಸಿಗಲಿಲ್ಲ. ಮತ್ತೆ ಅದೇ ಬಸ್ ಕಥೆ, ಸರಾಸರಿ ಒಂದೇ, ಫಲ ಬೇರೆ. ಒಂದು ವಿವರಣೆ: ಈ ಕೃತಕ ಮಿಡಿತ ಎಷ್ಟು ವೇಗ, ಎಷ್ಟು ಏಕತಾನ ಅಂದ್ರೆ ಥಲಾಮಸ್‌ಗೆ ಅದರಲ್ಲಿ ಸುದ್ದಿಯೇ ಇರಲ್ಲ, ಫ್ಯಾನಿನ ಸದ್ದು ಸ್ವಲ್ಪ ಹೊತ್ತಿನ ಮೇಲೆ ಕೇಳದಂತಾಗುವ ಹಾಗೆ. ಡೊಳ್ಳು ಅದರಡಿ ಮುಚ್ಚಿಹೋಗುತ್ತೆ. ಬೇರೆ ವಿವರಣೆಗಳೂ ಇವೆ, ಜಗಳ ಮುಗಿದಿಲ್ಲ. ಹೊಸ ಯಂತ್ರಗಳು ಬೀಟಾ ಲಯವನ್ನ ತಾವೇ ಕೇಳಿಸಿಕೊಂಡು, ಅದು ಏರಿದಾಗ ಮಿಡಿತ ಹೆಚ್ಚಿಸಿ, ಇಳಿದಾಗ ತಗ್ಗಿಸ್ತವೆ. ಇಂಥದ್ದಕ್ಕೆ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ಸಿಕ್ಕಿದೆ. ಆದರೆ ಡಿಬಿಎಸ್ ಸತ್ತ ಕೋಶಗಳನ್ನ ವಾಪಸ್ ತರಲ್ಲ, ಕಾಯಿಲೆ ಮುಂದುವರಿಯೋದನ್ನ ನಿಲ್ಲಿಸೋದೂ ಇಲ್ಲ. ಎಲ್ಲರಿಗೂ ಹೊಂದಲ್ಲ. ವೈದ್ಯರ ಜೊತೆ ಕೂತು ಮಾತಾಡಬೇಕಾದ ವಿಷಯ.

ದೊಡ್ಡಮ್ಮನ ಪರೀಕ್ಷೆಗಳು ಈಗ ನಡೀತಾ ಇವೆ. ಅವರಿಗೆ ನಡುಕಕ್ಕಿಂತ ದೊಡ್ಡ ಕಷ್ಟ ಹೊಸ್ತಿಲು. ಅಲ್ಲಿಗೆ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತೆ. ಬಾಗಿಲು, ಇಕ್ಕಟ್ಟಾದ ಜಾಗಗಳಲ್ಲಿ ಹೀಗಾಗೋದು ಈ ಕಾಯಿಲೆಯಲ್ಲಿ ಸಾಮಾನ್ಯ. ಫಿಸಿಯೋಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟರು: ನೆಲದ ಮೇಲೆ ಅಡ್ಡಪಟ್ಟಿ ಹಾಕಿ, ಅದನ್ನು ದಾಟೋಕೆ ಹೇಳಿ. ಕಣ್ಣಿಗೆ ಗುರುತು ಸಿಕ್ಕರೆ ಹೆಜ್ಜೆಗೆ ಬೇರೆ ದಾರಿ ಸಿಗುತ್ತೆ. ನಾವು ಬಣ್ಣದ ಟೇಪ್ ತಂದ್ವಿ. ದೊಡ್ಡಮ್ಮ ಬೇಡ ಅಂದ್ರು. ನನ್ನ ಕೈಯಿಂದ ರಂಗೋಲಿ ಪುಡಿ ಈಸ್ಕೊಂಡು, ಕೂತಲ್ಲೇ ಬಗ್ಗಿ, ಹೊಸ್ತಿಲ ಮುಂದೆ ನಾಲ್ಕು ಗೆರೆ ಎಳೆದ್ರು. ಸೊಟ್ಟಗಿದ್ದವು. ಎದ್ದು ಒಂದೊಂದೇ ದಾಟಿ ಅಂಗಳಕ್ಕೆ ಹೋದ್ರು.

ನಾನು ಈ ಸಂಚಿಕೆಗೆ ಕೇಳಿಸಿಕೊಂಡಿದ್ದ ಸಿಡಿತದ ಸದ್ದನ್ನ ಆಮೇಲೆ ಅವರಿಗೂ ಫೋನಿನಲ್ಲಿ ಕೇಳಿಸಿದೆ. 'ಇದು ನನ್ನ ತಲೆಯೊಳಗೂ ಆಗ್ತಿದೆಯಾ?' ಅಂದ್ರು. ಹೂಂ ದೊಡ್ಡಮ್ಮ, ನನ್ನ ತಲೆಯೊಳಗೂ. ಇನ್ನೊಂದು ಸಲ ಹಾಕು ಅಂದ್ರು.